ಸೂಪರ್‌ಸಾನಿಕ್ ಜೆಟ್‌ನ ಕಿರುಚಾಟ ಅಡಗಿಸುವ ಬಗೆ

ಶಬ್ದಕ್ಕಿಂತ ವೇಗದ (ಸೂಪರ್‌ಸಾನಿಕ್) ಜೆಟ್‌ನ, ಅಂದರೆ ಚಿಮ್ಮುವ ಗಾಳಿಯ ಧಾರೆಯ, ಸದ್ದು ಇಳಿಸಬೇಕೆಂದು ಹೊರಟವರು ಎಷ್ಟೋ ಸಲ ನೇರವಾಗಿ ನಾಝಲ್‌ನ (ಧಾರೆ ಹೊರಬರುವ ಕೊಳವೆಯ) ಅಂಚಿಗೆ ಹಲ್ಲು ಕೊರೆಯಲು ಕೂರುತ್ತಾರೆ. ಅದಕ್ಕೂ ಮೊದಲು ಮೈಕ್ರೊಫೋನ್ ಇಡಿ. ಒಂದೇ ಜೆಟ್‌ನಲ್ಲಿ ಮೂರು ಬಗೆಯ ಸದ್ದಿರುತ್ತದೆ, ಮೂರಕ್ಕೂ ಮದ್ದು ಬೇರೆ.

ಮೊದಲನೆಯದು ಹೊರಗಿನ ಗಾಳಿಯೊಡನೆ ಬೆರೆಯುವಾಗ ಹುಟ್ಟುವ ಮೊರೆತ, ಜೆಟ್ ಹೋಗುವ ದಿಕ್ಕಿಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಹೆಚ್ಚು. ಇದಕ್ಕೆ ದೊಡ್ಡ ಮದ್ದು ವೇಗ ಇಳಿಸುವುದೇ. 1952ರಲ್ಲಿ ಲೈಟ್‌ಹಿಲ್ ತೋರಿಸಿದಂತೆ ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) ಜೆಟ್‌ನ ಶಬ್ದಶಕ್ತಿ ವೇಗದ ಎಂಟನೇ ಘಾತಕ್ಕೆ ಅನುಗುಣ. ವೇಗ ಶೇಕಡ 10 ಇಳಿದರೆ 3.7 ಡೆಸಿಬೆಲ್ ಇಳಿಯುತ್ತದೆ. ಎರಡನೆಯದು ಆಘಾತ ತರಂಗಗಳಿಂದ (ಒತ್ತಡ ಥಟ್ಟನೆ ಏರುವ ಗೆರೆಗಳಿಂದ) ಹುಟ್ಟುವ, ಹಲವು ಆವರ್ತನಗಳಿಗೆ ಹರಡಿದ ಅಗಲ ಪಟ್ಟಿಯ ಸದ್ದು. ಮೂರನೆಯದು ಸ್ಕ್ರೀಚ್, ಅಂದರೆ ಒಂದೇ ಸ್ವರದ ಕಿರುಚಾಟ. ಇವೆರಡೂ ಪ್ರವಾಹದ ಎದುರು ದಿಕ್ಕಿಗೆ ಜೋರು.

ಸ್ಕ್ರೀಚ್ ಒಂದು ಸುತ್ತು. ಅಂಚಿನಲ್ಲಿ ಹುಟ್ಟಿದ ಅಲುಗಾಟ ಬೆಳೆಯುತ್ತ ಕೆಳಗೆ ಹರಿಯುತ್ತದೆ, ಶಾಕ್ ಸೆಲ್‌ಗಳಿಗೆ (ಜೆಟ್‌ನೊಳಗೆ ಸಾಲಾಗಿ ನಿಲ್ಲುವ ಆಘಾತ ತರಂಗಗಳ ಅಂಕಣಗಳಿಗೆ) ತಾಕಿ ಸದ್ದಾಗುತ್ತದೆ, ಆ ಸದ್ದು ಹೊರಗಿನ ಗಾಳಿಯಲ್ಲಿ ಹಿಂದಕ್ಕೆ ಬಂದು ಅದೇ ಅಂಚನ್ನು ಮತ್ತೆ ಅಲುಗಿಸುತ್ತದೆ. 1953ರಲ್ಲಿ ಪೊವೆಲ್ ವಿವರಿಸಿದ್ದು ಇದನ್ನೇ. ಜೆಟ್ ಅಕ್ಕಪಕ್ಕಕ್ಕೆ ಬಡಿದಾಡುವುದೂ ಇದೇ ಸುತ್ತಿನಿಂದ. ಎರಡು ನಾಝಲ್‌ಗಳು ಹತ್ತಿರವಿದ್ದರೆ ಅವು ಒಂದಕ್ಕೊಂದು ತಾಳ ಹಿಡಿದು ಸುತ್ತಲಿನ ಲೋಹವನ್ನೇ ದಣಿಸುತ್ತವೆ. ಸುತ್ತನ್ನು ಎಲ್ಲಿ ಕಡಿದರೂ ಸ್ವರ ಸಾಯುತ್ತದೆ. ಕಡಿಯಲು ಅಗ್ಗದ ಜಾಗ ಅಂಚು.

ಮೊದಲು ಲೆಕ್ಕ ಹಾಕಿ. 20 ಮಿಲಿಮೀಟರ್ ಬಾಯಿಯ ಕಿರಿದಾಗುವ ನಾಝಲ್, 20 ಡಿಗ್ರಿ ಸೆಲ್ಸಿಯಸ್ ಗಾಳಿ, ನಾಝಲ್ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ಅನುಪಾತ 3.67 ಎನ್ನೋಣ. ಅನುಪಾತ 1.893 ದಾಟಿದ್ದರಿಂದ ಬಾಯಿ ಉಸಿರುಗಟ್ಟಿದೆ, ಅಂದರೆ ಅಲ್ಲಿ ಗಾಳಿ ಶಬ್ದವೇಗ ಮುಟ್ಟಿದೆ. ಪೂರ್ತಿ ಹಿಗ್ಗಿದ ಜೆಟ್‌ನ ಮಾಕ್ ಸಂಖ್ಯೆ (ವೇಗ ಶಬ್ದವೇಗದ ಎಷ್ಟು ಪಟ್ಟು ಎಂಬುದು) 1.5, ವೇಗ ಸೆಕೆಂಡಿಗೆ ಸುಮಾರು 427 ಮೀಟರ್. ಅಲುಗಾಟ ಅದರ 0.7 ಪಾಲು ವೇಗದಲ್ಲಿ ಸಾಗುತ್ತದೆ. ಶಾಕ್ ಸೆಲ್‌ನ ಉದ್ದ 25ರಿಂದ 32 ಮಿಲಿಮೀಟರ್. ಸಾಗುವ ವೇಗವನ್ನು ಸೆಲ್ ಉದ್ದದಿಂದ ಭಾಗಿಸಿ, ಬಂದದ್ದನ್ನು ‘ಒಂದು ಕೂಡಿಸು ಸಾಗುವ ವೇಗದ ಮಾಕ್ ಸಂಖ್ಯೆ’ಯಿಂದ ಮತ್ತೆ ಭಾಗಿಸಿ. ಇಲ್ಲಿ ಆ ಮಾಕ್ ಸಂಖ್ಯೆಗೆ ಹೊರಗಿನ ಗಾಳಿಯ ಶಬ್ದವೇಗವೇ ಅಳತೆ. ಉತ್ತರ 5ರಿಂದ 6.4 ಕಿಲೋಹರ್ಟ್ಸ್. ರೋಹಿತದಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಸದ್ದೆಂದು ತೋರಿಸುವ ನಕ್ಷೆಯಲ್ಲಿ) ಚೂಪು ಶಿಖರವನ್ನು ಈ ಆಸುಪಾಸಿನಲ್ಲಿ ಹುಡುಕಿ.

ಕಾಲಿಂಚಿನ ಮೈಕ್ರೊಫೋನನ್ನು ಬಾಯಿಯಿಂದ ಒಂದು ಮೀಟರ್ ದೂರದಲ್ಲಿ ಇಡಿ. ಒಂದನ್ನು 90 ಡಿಗ್ರಿಯಲ್ಲಿ, ಇನ್ನೊಂದನ್ನು ನಾಝಲ್‌ನ ಹಿಂದುಗಡೆ. ಸೆಕೆಂಡಿಗೆ ಒಂದು ಲಕ್ಷಕ್ಕೆ ಕಡಿಮೆಯಿಲ್ಲದಂತೆ ಮಾದರಿ ತೆಗೆಯಿರಿ. ಅನುಪಾತವನ್ನು 0.05ರಂತೆ ಏರಿಸಿ, ಹಾಗೆಯೇ ಇಳಿಸಿ. ಸ್ವರ ಒಂದು ಮೋಡ್‌ನಿಂದ (ಜೆಟ್ ಅಲುಗುವ ಬಗೆಯಿಂದ) ಇನ್ನೊಂದಕ್ಕೆ ಹಾರುತ್ತದೆ, ಏರುವಾಗ ಹಾರಿದ ಜಾಗದಲ್ಲೇ ಇಳಿಯುವಾಗಲೂ ಹಾರಬೇಕೆಂದಿಲ್ಲ. ಕಿವಿಗೆ ಪ್ಲಗ್ ಹಾಕಿ, ಮೇಲೆ ಮಫ್ ಕೂಡ.

ಮೋಸ ಹೋಗುವುದು ಇಲ್ಲೇ. ಅನುಪಾತ 1.5ರಲ್ಲೂ ಅದೇ ಶಿಖರ ಕಂಡರೆ ಅದು ವಾಲ್ವ್ ಅಥವಾ ಪೈಪಿನ ಸದ್ದು. ನಾಝಲ್ ಹಿಂದಿನ ಫ್ಲೇಂಜ್ (ಪೈಪು ಜೋಡಿಸುವ ಅಗಲ ಬಳೆ) ಸದ್ದನ್ನು ಅಂಚಿಗೆ ಮರಳಿಸಿ ಸ್ಕ್ರೀಚನ್ನು ಉಬ್ಬಿಸುತ್ತದೆ, ಫೋಮ್ ಸುತ್ತಿ. ಅನುಮಾನವಿದ್ದರೆ ಚಿಕ್ಕದೊಂದು ಲೋಹದ ತಟ್ಟೆಯನ್ನು ಅಂಚಿನ ಹಿಂದೆ ಮುಂದಕ್ಕೂ ಹಿಂದಕ್ಕೂ ಸರಿಸಿ ನೋಡಿ: ಸ್ವರ ಏರಿಳಿದರೆ ಅದು ಸ್ಕ್ರೀಚೇ. ಗಾಳಿ ಒದ್ದೆಯಿದ್ದರೆ ಹಿಗ್ಗುವಾಗ ತೇವ ಹನಿಗಟ್ಟಿ ಶಾಕ್ ಸೆಲ್‌ಗಳೇ ಬದಲಾಗುತ್ತವೆ, ಹಾಗಾಗಿ ಡ್ರೈಯರ್ ಬಿಡಬೇಡಿ.

ಈಗ ಮದ್ದು. ದಪ್ಪ ಅಂಚು ಸ್ಕ್ರೀಚನ್ನು ಪೋಷಿಸುತ್ತದೆ. ಹೊರ ಮೈಯನ್ನು ಓರೆಯಾಗಿ ತುರಿದು ಅಂಚನ್ನು ತೆಳುಮಾಡುವುದು ಮೊದಲ ಕೆಲಸ, ಅದರಿಂದ ಥ್ರಸ್ಟ್ (ಜೆಟ್ ಕೊಡುವ ತಳ್ಳುಬಲ) ನಷ್ಟವಿಲ್ಲ. ಸಾಲದಿದ್ದರೆ 2 ಮಿಲಿಮೀಟರ್ ಚೌಕದ ಎರಡು ಟ್ಯಾಬ್‌ಗಳನ್ನು (ಪುಟ್ಟ ಪಟ್ಟಿಗಳನ್ನು) ಎದುರುಬದುರಾಗಿ ಒಳಕ್ಕೆ ಚಾಚಿ. ಒಂದೊಂದೂ ಬಾಯಿಯ ಶೇಕಡ 1.3ರಷ್ಟು ಮುಚ್ಚುತ್ತದೆ. ಸ್ವರ ಸಾಮಾನ್ಯವಾಗಿ ಅಲ್ಲಿಗೇ ಬೀಳುತ್ತದೆ, ಆದರೆ ಥ್ರಸ್ಟ್ ಕೂಡ ಬೀಳುತ್ತದೆ. ಪರೀಕ್ಷೆಗೆ ಟ್ಯಾಬ್ ಒಳ್ಳೆಯದು, ವಿಮಾನಕ್ಕಲ್ಲ.

ಬೇಕೆಂದಾಗ ಹಾಕಿ ಬೇಡವೆಂದಾಗ ನಿಲ್ಲಿಸಲು ಬರುವುದು ಮೈಕ್ರೊಜೆಟ್, ಅಂದರೆ ಅಂಚಿನ ಸಣ್ಣ ರಂಧ್ರಗಳಿಂದ ಮುಖ್ಯ ಜೆಟ್‌ಗೆ ಊದುವ ಗಾಳಿ. ಅಂಚಿನ ಸುತ್ತ 0.4 ಮಿಲಿಮೀಟರಿನ 8 ರಂಧ್ರಗಳನ್ನು ಸಮ ದೂರದಲ್ಲಿ, ಜೆಟ್‌ನ ಅಕ್ಷಕ್ಕೆ ಓರೆಯಾಗಿ ಕೊರೆಯಿರಿ. 7 ಬಾರ್ ನಿರಪೇಕ್ಷ ಒತ್ತಡ ಕೊಟ್ಟರೂ ಬಳಕೆಯಾಗುವುದು ಮುಖ್ಯ ಹರಿವಿನ ಶೇಕಡ 0.6ಕ್ಕಿಂತ ಹೆಚ್ಚಲ್ಲ. ಇಷ್ಟು ಸಣ್ಣ ರಂಧ್ರಕ್ಕೆ ಧೂಳೇ ಶತ್ರು: ಒಂದು ಕಟ್ಟಿಕೊಂಡರೂ ಅಂಚಿನ ಸುತ್ತಲಿನ ಸಮತೆ ತಪ್ಪಿ, ಫಲಿತಾಂಶ ಅರ್ಥವಾಗದಂತಾಗುತ್ತದೆ. ಫಿಲ್ಟರ್ ಹಾಕಿ, ಎಲ್ಲ ರಂಧ್ರಗಳಿಗೂ ಒಂದೇ ಕೋಣೆಯಿಂದ ಗಾಳಿ ಕೊಡಿ. ನೆಟ್ಟಗೆ ಇಳಿಯುವ ವಿಮಾನದ ಜೆಟ್ ನೆಲಕ್ಕೆ ಬಡಿದು ಹುಟ್ಟಿಸುವ ಸ್ವರಕ್ಕೂ ಇದು ಒಗ್ಗುತ್ತದೆ. ಅಲ್ಲಿ ಸದ್ದು ಮರಳುವುದು ನೆಲದಿಂದ, ಕೇಳಿಸಿಕೊಳ್ಳುವುದು ಮಾತ್ರ ಅದೇ ಅಂಚು. ಎತ್ತರ ಬದಲಾದಂತೆ ಸ್ವರ ಬದಲಾಗುವುದರಿಂದ ಪ್ರತಿ ಎತ್ತರದಲ್ಲೂ ಒತ್ತಡವನ್ನು ಹೊಸದಾಗಿ ಹೊಂದಿಸಬೇಕು.

ಬೋಯಿಂಗ್ 787ರ ಎಂಜಿನ್ ಹಿಂದೆ ಕಾಣುವ ಹಲ್ಲುಗಳು, ಅಂದರೆ ಶೆವ್ರಾನ್‌ಗಳು, ಮೊರೆತದ ಕೆಳಸ್ವರಗಳನ್ನು ಇಳಿಸುತ್ತವೆ. ಒಳಕ್ಕೆ ಹೆಚ್ಚು ಬಾಗಿಸಿದರೆ ಮೇಲುಸ್ವರಗಳು ಏರುತ್ತವೆ. ಆದ್ದರಿಂದ ಶಿಖರವಷ್ಟನ್ನೇ ನೋಡದೆ ಇಡೀ ರೋಹಿತವನ್ನು ಹೋಲಿಸಿ, ಅದೂ ಒಂದೇ ಥ್ರಸ್ಟ್‌ನಲ್ಲಿ.

ದೊಡ್ಡ ನಾಝಲ್‌ಗೆ ಸಾಗಿಸುವಾಗ ಆವರ್ತನ ವ್ಯಾಸಕ್ಕೆ ವಿಲೋಮ: 600 ಮಿಲಿಮೀಟರ್ ಬಾಯಿಗೆ ಅದೇ ತಣ್ಣನೆ ಗಾಳಿಯಲ್ಲಿ 6.4 ಕಿಲೋಹರ್ಟ್ಸ್ ಸುಮಾರು 213 ಹರ್ಟ್ಸ್ ಆಗುತ್ತದೆ. ಜೆಟ್ ಬಿಸಿಯಿದ್ದರೆ ವೇಗವೇ ಬೇರೆ, ಲೆಕ್ಕವನ್ನು ಮೊದಲಿನಿಂದ ಮಾಡಿ.