ಬ್ಯಾಟರಿ ಬದಲಿಸುವ ಮೊದಲು ಮೀಟರ್ ಎಲ್ಲಿಡಬೇಕು

ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’, ಸೆಲ್ಫ್ (ಇಂಜಿನ್ ತಿರುಗಿಸಿ ಚಾಲು ಮಾಡುವ ಮೋಟರ್) ತಿರುಗುವುದಿಲ್ಲ. ಇಂಥ ಕಾರಿಗೆ ಮೊದಲು ಹೊಸ ಬ್ಯಾಟರಿ ಹಾಕುತ್ತಾರೆ, ಅದಕ್ಕೂ ಬಗ್ಗದಿದ್ದರೆ ಸೆಲ್ಫ್ ಬಿಚ್ಚುತ್ತಾರೆ. ಎಷ್ಟೋ ಸಲ ಎರಡೂ ಸರಿಯಿದ್ದು, ಕೆಟ್ಟಿರುವುದು ನಡುವಿನ ಕೇಬಲ್. ಹಾಗಾಗಿ ನಾನು ಸ್ಪ್ಯಾನರ್‌ಗಿಂತ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ.

ಅದಕ್ಕೂ ಮುಂಚೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡುವುದು. ‘ಟಕಟಕಟಕ’ ಎಂದು ಬಡಿದುಕೊಂಡು ಲೈಟ್ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಗಟ್ಟಿಯಾಗಿ ಒಂದು ‘ಟಕ್’, ಲೈಟ್ ಮಾತ್ರ ಹಾಗೇ ಉರಿಯುತ್ತಿದ್ದರೆ ಕರೆಂಟ್ ಮೋಟರ್‌ವರೆಗೆ ಹೋಗುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಸೆಲ್ಫ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), ಕ್ಲಚ್ ಸ್ವಿಚ್, ಇಗ್ನಿಷನ್ ಸ್ವಿಚ್ ಕಡೆ ಹೋಗಬೇಕು. ಆಟೋಮ್ಯಾಟಿಕ್ ಆದರೆ ಗೇರ್ ಲಿವರನ್ನು ನ್ಯೂಟ್ರಲ್, ಅಂದರೆ ಎನ್‌ಗೆ ಹಾಕಿ ಒಮ್ಮೆ ನೋಡಿ; ಪಿ-ಯಲ್ಲಿ (ಪಾರ್ಕ್) ಹತ್ತದ್ದು ಅಲ್ಲಿ ಹತ್ತಿದರೆ ಗೇರ್ ಪೊಸಿಷನ್ ಸ್ವಿಚ್ಚಿನದೇ ದೋಷ.

ಬ್ಯಾಟರಿಯ ಲೆಕ್ಕ ಬೇಗ ಮುಗಿಯುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ, ಆಮೇಲೆ ಅಳೆಯಬೇಕು. ಆಗಷ್ಟೇ ಚಾರ್ಜ್ ಆದ ಬ್ಯಾಟರಿ ಇಲ್ಲದ ವೋಲ್ಟೇಜ್ ತೋರಿಸುತ್ತದೆ. 12.6 ವೋಲ್ಟ್ ಎಂದರೆ ಪೂರ್ತಿ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಉಳಿದ ಪರೀಕ್ಷೆ ಆಮೇಲೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ನಿಂತಾಗ 12.6 ಇದ್ದು ಸೆಲ್ಫ್ ಹೊಡೆದ ಕೂಡಲೇ 7ಕ್ಕೆ ಕುಸಿದರೆ ಸಾಮಾನ್ಯವಾಗಿ ಒಳಗಿನ ಸೆಲ್ ಹೋಗಿರುತ್ತದೆ.

ಇನ್ನು ಕೇಬಲ್. ಇಲ್ಲಿ ಹಲವರು ಮೀಟರನ್ನು ಕಂಟಿನ್ಯುಟಿಗೆ (ವೈರ್ ತುಂಡಾಗಿಲ್ಲವೇ ಎಂದು ನೋಡುವ ಪರೀಕ್ಷೆಗೆ) ಇಟ್ಟು ‘ಬೀಪ್’ ಬಂತು, ವೈರ್ ಸರಿಯಿದೆ ಅನ್ನುತ್ತಾರೆ. ಕೇಬಲ್ಲಿನ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಸೆಲ್ಫ್ ಎಳೆಯುವುದು 100 ಆಂಪಿಯರ್ ಎಂದುಕೊಳ್ಳಿ: 0.02 ಓಮ್ ತಡೆಯಿದ್ದರೂ 2 ವೋಲ್ಟ್ ದಾರಿಯಲ್ಲೇ ಹೋಯಿತು. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರ್ ಓಮ್‌ನಲ್ಲಿ ಹಿಡಿಯಲಾರದು. ಅದಕ್ಕೇ ಲೋಡ್ ಇರುವಾಗ ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ ಎಂದು ಅಳೆಯುವುದು.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಫ್ಯುಯೆಲ್ ಪಂಪ್ ರಿಲೇ ಕಿತ್ತಿಟ್ಟರೆ ಇಂಜಿನ್ ಹತ್ತಿಕೊಳ್ಳುವುದಿಲ್ಲ. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ (ಅದನ್ನು ಬಿಗಿಹಿಡಿದ ಕೇಬಲ್ ಕ್ಲಾಂಪಿನ ಮೇಲಲ್ಲ), ಕೆಂಪು ಪ್ರೋಬ್ ಇಂಜಿನ್ನಿನ ಬರಿ ಲೋಹದ ಮೇಲೆ. ಸಹಾಯಕ್ಕಿರುವವರು ಐದು ಸೆಕೆಂಡ್ ಸೆಲ್ಫ್ ಹೊಡೆಯಲಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಸರಿ. ಅರ್ಧ ವೋಲ್ಟ್ ದಾಟಿದರೆ ಪ್ರೋಬ್ ಹತ್ತಿರಕ್ಕೆ ತರುತ್ತಾ ಬನ್ನಿ: ಇಂಜಿನ್–ಬಾಡಿ, ಬಾಡಿ–ಕ್ಲಾಂಪ್, ಕ್ಲಾಂಪ್–ಕಂಬ. ಯಾವ ಜೋಡಿಯಲ್ಲಿ ವೋಲ್ಟೇಜ್ ಕಾಣುತ್ತದೋ ತೊಂದರೆ ಅಲ್ಲಿ. ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟ್‌ವರೆಗೂ ಹೀಗೇ, ಅಲ್ಲಿ 0.5ರವರೆಗೆ ಬಿಡಬಹುದು. ಸೊಲೆನಾಯ್ಡ್ (ಸೆಲ್ಫ್ ಮೇಲಿನ ವಿದ್ಯುತ್ಕಾಂತದ ಸ್ವಿಚ್, ‘ಟಕ್’ ಸದ್ದು ಅದರದೇ) ಎಳೆಯದೆ ಕರೆಂಟೇ ಹರಿಯದಿದ್ದರೆ ಬರುವ ಸೊನ್ನೆಗೆ ಅರ್ಥವಿಲ್ಲ.

ಕರಾವಳಿಯ ಉಪ್ಪು ಗಾಳಿಯಲ್ಲಿ ಓಡಾಡುವ ಗಾಡಿಗಳಲ್ಲಿ ಇಂಜಿನ್–ಬಾಡಿ ಅರ್ಥ್ ಪಟ್ಟಿಯನ್ನೇ ನಾನು ಮೊದಲು ಅನುಮಾನಿಸುವುದು. ಮೇಲೆ ಚೆನ್ನಾಗಿ ಕಂಡರೂ ಲಗ್ (ತುದಿಯ ಲೋಹದ ಕಿವಿ) ಒಳಗೆ ಹಸಿರು ಹಿಡಿದಿರುತ್ತದೆ. ಜಂಪ್ ಕೇಬಲ್ ಇದ್ದರೆ ನೆಗೆಟಿವ್ ಕಂಬದಿಂದ ನೇರ ಇಂಜಿನ್ನಿಗೆ ಕೊಟ್ಟು ನೋಡಿ. ಸೆಲ್ಫ್ ಜೋರಾಗಿ ತಿರುಗಿದರೆ ಬೇರೆ ಸಾಕ್ಷಿ ಬೇಡ. ಪಟ್ಟಿ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೋಲ್ಟ್ ಕೂರುವ ಜಾಗದ ಪೇಂಟ್, ತುಕ್ಕು ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲಿಂದ ವ್ಯಾಸಲೀನ್ ಹಚ್ಚಿದರೆ ಸಾಕು.

ಕೇಬಲ್ ಎರಡೂ ಸರಿ, ಆದರೂ ಸೆಲ್ಫ್ ಸುಮ್ಮನಿದ್ದರೆ ಸೊಲೆನಾಯ್ಡ್‌ನ ಸಣ್ಣ ವೈರ್ (50 ನಂಬರಿನದು) ನೋಡಬೇಕು. ಕೀ ತಿರುಗಿಸಿದಾಗ ಅಲ್ಲಿಗೆ ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಮ್ಮಿ ಪೂರ್ತಿ ಬಂದೂ ‘ಟಕ್’ ಇಲ್ಲವೆಂದರೆ ಸೆಲ್ಫ್ ಬಿಚ್ಚಿ. ಏನೂ ಬಾರದಿದ್ದರೆ ರಿಲೇಯ 30ನೇ ಪಿನ್ನಿನಲ್ಲಿ 12 ವೋಲ್ಟ್ ಇದೆಯೇ, 85–86ರ ಕಾಯಿಲ್‌ಗೆ ಸಪ್ಲೈ, ಅರ್ಥ್ ಎರಡೂ ಸಿಗುತ್ತಿದೆಯೇ ನೋಡಿ. ಪೆಟ್ಟಿಗೆಯಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದಲುಬದಲು ಮಾಡುವುದು ಇನ್ನೂ ಸುಲಭ.

ಇವತ್ತು ಹತ್ತಿ ಮೂರು ದಿನ ನಿಂತರೆ ಮತ್ತೆ ಸತ್ತರೆ ಅದು ಕರೆಂಟಿನ ಸೋರಿಕೆ. ಇಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಇದೆಯೆಂದರೆ ಆಲ್ಟರ್ನೇಟರ್ (ಇಂಜಿನ್ನಿನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ) ಚಾರ್ಜ್ ಮಾಡುತ್ತಿದೆ. ಆಮೇಲೆ ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ 10 ಆಂಪಿಯರ್ ತೂತಿನ ಮೂಲಕ ಸೇರಿಸಿ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. 50 ಮಿಲಿ ಆಂಪಿಯರ್ ಒಳಗೆ ಇಳಿಯಬೇಕು. 300 ನಿಂತಿದ್ದರೆ 35 ಆಂಪಿಯರ್-ಅವರ್ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ. ಫ್ಯೂಸ್ ಒಂದೊಂದಾಗಿ ಕೀಳುತ್ತಾ ಹೋಗಿ, ಅಂಕಿ ಥಟ್ಟನೆ ಇಳಿದ ಲೈನ್ ಹಿಡಿಯಿರಿ. ಯಾವುದಕ್ಕೂ ಇಳಿಯದಿದ್ದರೆ, ಫ್ಯೂಸ್ ಪೆಟ್ಟಿಗೆ ತಪ್ಪಿಸಿ ನೇರ ಬ್ಯಾಟರಿಗೇ ಕೊಟ್ಟ ಸ್ಟೀರಿಯೋ ಆಂಪ್ಲಿಫೈಯರ್, ಇಲ್ಲವೇ ಆಲ್ಟರ್ನೇಟರಿನ ಡಯೋಡ್.