ಡ್ರಮ್ಮಲ್ಲಿ ಸ್ಮೋಕರ್ ಮಾಡುದು, ಮತ್ತೆ ಅದರ ಬಾಗಿಲಿನ ಕಿರಿಕಿರಿ

ಡ್ರಮ್ ಸ್ಮೋಕರ್, ಅಂದ್ರೆ ಇದ್ದಿಲಿನ ಬಿಸಿಯಲ್ಲಿ, ಹೊಗೆಯಲ್ಲಿ ಮಾಂಸ ನಿಧಾನ ಬೇಯಿಸುವ ಡ್ರಮ್, ಮಾಡುದು ದೊಡ್ಡ ಕೆಲಸ ಅಲ್ಲ ಮಾರಾಯ್ರೇ, ಅದರ ಬಾಗಿಲು ಸರಿ ಕೂರಿಸುದು ಕೆಲಸ. ನಾನು ಮೊದಲು ಮಾಡಿದ್ದರಲ್ಲಿ ಸುತ್ತ ಸಂದಿಯಿಂದ ಹೊಗೆ ಬರುದು ನೋಡಿ ಅಮ್ಮ ಅಂಗಳಕ್ಕೆ ಬಂದು "ನೀನು ಕೋಳಿ ಬೇಯಿಸುದಾ, ಸೊಳ್ಳೆ ಓಡಿಸುದಾ" ಅಂತ ಕೇಳಿದ್ರು. ಹೊಗೆ ಹೊರಗೆ ಬಂದದ್ದಕ್ಕೆ ನನಗೆ ಬೇಜಾರಿಲ್ಲ, ಅದೇ ಸಂದಿಯಲ್ಲಿ ಗಾಳಿ ಒಳಗೆ ಹೋಗಿ ಕೆಂಡ ಭಗ್ಗಂತ ಎದ್ದು, 120 ಡಿಗ್ರಿಯಲ್ಲಿ ನಿಲ್ಬೇಕಾದದ್ದು 200 ದಾಟಿ, ಕೋಳಿ ಕಾಲು ಹೊರಗೆ ಕರಿ, ಎಲುಬಿನ ಹತ್ರ ಹಸಿ. ಅಲ್ಲಿಂದ ಕಲಿತದ್ದನ್ನು ಬರಿತೇನೆ.

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಹೊಗೆಯ ಲೆಕ್ಕ ಹೊಸತಲ್ಲ, ರಬ್ಬರ್ ಶೀಟ್ ಒಣಗಿಸುವ ಹೊಗೆಮನೆ ನೋಡದವರು ಯಾರು. ಅದರಲ್ಲಿ ಬಿಸಿ 40ರಿಂದ 60 ಡಿಗ್ರಿ. ಮಾಂಸಕ್ಕೆ ಅದು ಸಾಕಾಗುದಿಲ್ಲ, 107ರಿಂದ 135 ಡಿಗ್ರಿ ಸೆಲ್ಸಿಯಸ್ ಬೇಕು, ಅದೂ ಗಂಟೆಗಟ್ಟಲೆ ಒಂದೇ ಸಮ. (ಹೊಗೆಮನೆಯಲ್ಲೇ ಕೋಳಿ ನೇತು ಹಾಕಿದ್ರೆ ಹೇಗೆ ಅಂತ ನಮ್ಮ ಭಾವ ಕೇಳಿದ್ರು. ಬೇಡ ಭಾವ.)

ಡ್ರಮ್ 200 ಲೀಟರಿನದ್ದು, ಮೇಲಿನ ಮುಚ್ಚಳ ರಿಂಗ್ ಹಾಕಿ ತೆಗೆಯುವಂಥದ್ದು ಸಿಕ್ಕಿದ್ರೆ ಅರ್ಧ ಕೆಲಸ ಮುಗಿಯಿತು. ಗುಜರಿ ಅಂಗಡಿಯಲ್ಲಿ ಮೊದಲು ಕೇಳ್ಬೇಕಾದದ್ದು ರೇಟ್ ಅಲ್ಲ, ಒಳಗೆ ಎಂತ ಇತ್ತು ಅಂತ. ಅಡಿಗೆ ಎಣ್ಣೆ, ಜೇನು, ಜ್ಯೂಸ್ ಆದ್ರೆ ಸರಿ. ತೋಟಕ್ಕೆ ಬಿಡುವ ಮದ್ದು, ಥಿನ್ನರ್, ಡಾಮರು ಇದ್ದದ್ದಾದ್ರೆ ಫ್ರೀ ಕೊಟ್ರೂ ಬೇಡ. ಪೆಟ್ರೋಲ್ ಡೀಸೆಲ್ ಇದ್ದ ಡ್ರಮ್ಮಿಗೆ ಗ್ರೈಂಡರ್ ತಾಗಿಸಿದ್ರೆ ಒಳಗಿನ ಆವಿಗೆ ಕಿಡಿ ಸಿಕ್ಕಿ ಡ್ರಮ್ಮೇ ಸಿಡಿತದೆ, ಖಾಲಿ ಉಂಟಲ್ಲ ಅಂತ ಧೈರ್ಯ ಮಾಡ್ಬೇಡಿ. ಜಿಐ ಶೀಟಿನದ್ದೂ ಬೇಡ, ಸತುವಿನ ಲೇಪ ಬೆಂಕಿಗೆ ಹಿಡಿದ್ರೆ ಅದರ ಹೊಗೆಯಿಂದ ಜ್ವರ ಬರ್ತದೆ. ಎಷ್ಟೋ ಡ್ರಮ್ಮಿನ ಒಳಗೆ ಕಂದು ಬಣ್ಣದ ಲೈನಿಂಗ್ ಉಂಟು, ಅದನ್ನು ಒಣ ಮಡಲು, ಕಟ್ಟಿಗೆ ತುಂಬಿಸಿ ಎರಡು ಗಂಟೆ ಜೋರು ಉರಿಸಿ, ಆಮೇಲೆ ವಯರ್ ಬ್ರಷ್ ಹಾಕಿ ಬರೀ ಕಬ್ಬಿಣ ಕಾಣುವವರೆಗೆ ಉಜ್ಜಿ.

ಗಾಳಿಗೆ ಅಡಿಯಿಂದ 5 ಸೆಂಟಿಮೀಟರ್ ಮೇಲೆ ಸುತ್ತ ಮೂರು ತೂತು, ಮುಕ್ಕಾಲು ಇಂಚಿನ ಪೈಪ್ ನಿಪ್ಪಲ್ (ಮರೆ ಇರುವ ಗಿಡ್ಡ ಪೈಪ್ ತುಂಡು) ಹೋಗುವಷ್ಟು. ಎರಡಕ್ಕೆ ಕ್ಯಾಪ್, ಒಂದಕ್ಕೆ ಬಾಲ್ ವಾಲ್ವ್, ತಿರುಗಿಸಿ ಗಾಳಿ ಹೆಚ್ಚು ಕಡಿಮೆ ಮಾಡ್ಲಿಕ್ಕೆ. ಮುಚ್ಚಳದಲ್ಲಿ ಹೊಗೆ ಹೋಗ್ಲಿಕ್ಕೆ ಎರಡು ಇಂಚಿನ ಒಂದು ತೂತು, ಅದನ್ನು ಯಾವಾಗಲೂ ಪೂರ್ತಿ ತೆರೆದೇ ಇಡುದು, ಬಿಸಿ ಕಂಟ್ರೋಲ್ ಮಾಡುದೆಲ್ಲ ಕೆಳಗಿಂದ. ಕೆಂಡಕ್ಕೆ ದಪ್ಪ ಜಾಲರಿಯ ಬುಟ್ಟಿ, ಬೂದಿ ಬೀಳ್ಲಿಕ್ಕೆ ಅಡಿಯಲ್ಲಿ 7 ಸೆಂಟಿಮೀಟರ್ ಕಾಲು. ಮಾಂಸದ ಗ್ರಿಲ್ ಬಾಯಿಯಿಂದ ಒಂದು ಗೇಣು ಕೆಳಗೆ, ನಾಲ್ಕು ಬೋಲ್ಟಿನ ಮೇಲೆ ಕೂರ್ತದೆ.

ಈಗ ಬಾಗಿಲು. ಬಾಗಿಲೇ ಇಲ್ಲದೆ ಮಾಡುವವರೂ ಇದ್ದಾರೆ, ಅದು ತಪ್ಪೇನಲ್ಲ, ಆದ್ರೆ ನಡುವಲ್ಲಿ ಇದ್ದಿಲು ಮುಗಿದ್ರೆ ಮಾಂಸ, ಗ್ರಿಲ್ ಎಲ್ಲ ತೆಗೆದು ಪುನಃ ಇಡ್ಬೇಕು. ಡ್ರಮ್ಮಿಗೆ ಹೊರಗೆ ಎರಡು ಬಳೆ ಇರ್ತದಲ್ಲ, ಬಾಗಿಲು ಆ ಎರಡರ ನಡುವೆ ಮಾತ್ರ ಬರ್ಬೇಕು, ಅಗಲ 35 ಎತ್ತರ 22 ಸೆಂಟಿಮೀಟರ್ ಸಾಕು. ಕೈ ಹಾಕ್ಲಿಕ್ಕೆ ದೊಡ್ಡದಿರ್ಲಿ ಅಂತ ಬಳೆಯನ್ನೂ ಕಟ್ ಮಾಡಿದ್ರೆ ಎರಡು ತೊಂದರೆ: ಡ್ರಮ್ ಅಲ್ಲೇ ಬಾಯಿ ಬಿಡ್ತದೆ, ಮತ್ತೆ ಬಳೆಯ ಉಬ್ಬಿನ ಮೇಲೆ ಯಾವ ಸೀಲೂ ಸಮ ಕೂರುದಿಲ್ಲ. ನನ್ನ ಮೊದಲಿನದ್ದರಲ್ಲಿ ಆದದ್ದು ಇದೇ. ಮತ್ತೆ ಈ ಜಾಗ ಕೆಂಡದ ಬುಟ್ಟಿಯ ಬಾಯಿಗಿಂತ ಚೂರು ಮೇಲೆ ಬರ್ತದೆ, ಅಲ್ಲಿ ಸೋರಿದ್ರೂ ಕೆಂಡದ ಅಡಿಗೆ ನೇರ ಗಾಳಿ ಹೋಗುದಿಲ್ಲ. ಅಡಿಯಲ್ಲಿ ಸೋರಿದ್ರೆ ಹಿಡಿತವೇ ಸಿಗುದಿಲ್ಲ.

1 ಮಿಲಿಮೀಟರ್ ಡಿಸ್ಕ್ ಹಾಕಿ ಕಟ್ ಮಾಡಿ. ತುಂಡು ಕೈಗೆ ಬಂದ ಕೂಡ್ಲೆ ನೋಡಿ, ಅದರ ಬಾಗು ಸ್ವಲ್ಪ ಬಿಟ್ಟಿರ್ತದೆ, ಡ್ರಮ್ಮಿನ ಬಿಗಿ ಹೋಯ್ತಲ್ಲ. ಅದಕ್ಕೇ ತುಂಡನ್ನು ವಾಪಸ್ ಅದೇ ತೂತಿನಲ್ಲಿಟ್ಟು, ಡ್ರಮ್ಮಿನ ಸುತ್ತ ಸರಿಗೆ ಬಿಗಿದು ಸಮ ಮಾಡಿ, ಆಮೇಲೆ 25 ಬೈ 3 ಮಿಲಿಮೀಟರಿನ ಕಬ್ಬಿಣದ ಪಟ್ಟಿಯನ್ನು ಹೊರಗಿಂದ ನಾಲ್ಕೂ ಅಂಚಿಗೆ ವೆಲ್ಡ್ ಮಾಡುದು, ಪಟ್ಟಿಯ ಅರ್ಧ ಬಾಗಿಲ ಮೇಲೆ, ಅರ್ಧ ಡ್ರಮ್ಮಿನ ಮೇಲೆ ಚಾಚಿಕೊಂಡು ಇರ್ಬೇಕು, ವೆಲ್ಡ್ ಬಾಗಿಲಿಗೆ ಮಾತ್ರ. ಮೇಲೆ ಕೆಳಗಿನ ಪಟ್ಟಿಯನ್ನು ಡ್ರಮ್ಮಿಗೇ ಒತ್ತಿ ಸುತ್ತಿಗೆಯಲ್ಲಿ ಬಡಿದ್ರೆ ಆ ಬಾಗು ಬರ್ತದೆ. ಉದ್ದಕ್ಕೆ ಒಂದೇ ಸಲ ಎಳೀಬೇಡಿ, ತೆಳು ಶೀಟ್, ಬಿಸಿಗೆ ಹಪ್ಪಳದ ಹಾಗೆ ಆಗ್ತದೆ, ಒಂದು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಈಚೆ ಬದಿ ಒಂದು ಆಚೆ ಬದಿ.

ಹಿಂಜ್ ಕೂರಿಸುವಾಗ ನಮ್ಮ ವೆಲ್ಡರ್ ಇಕ್ಕ ಮಾಡಿದ ಒಂದು ಉಪಾಯ ನನಗೆ ಮೊದಲು ಅರ್ಥ ಆಗ್ಲಿಲ್ಲ. ಪಟ್ಟಿಗೂ ಡ್ರಮ್ಮಿಗೂ ನಡುವೆ ಸುತ್ತ 2 ಮಿಲಿಮೀಟರಿನ ತಗಡಿನ ತುಂಡುಗಳನ್ನು ಸಿಕ್ಕಿಸಿ, ಆಮೇಲೆ ಹಿಂಜ್ ವೆಲ್ಡ್ ಮಾಡಿದ್ರು. ಆ ಜಾಗ ಗ್ಯಾಸ್ಕೆಟ್ಟಿಗೆ, ಅಂದ್ರೆ ಸಂದಿ ಮುಚ್ಚುವ ಮೆತ್ತನೆ ಸೀಲಿಗೆ. ಇದು ಬಿಟ್ಟು ಬಾಗಿಲನ್ನು ಡ್ರಮ್ಮಿಗೆ ಅಂಟಿಸಿ ಹಿಂಜ್ ಹಾಕಿದ್ರೆ, ಮತ್ತೆ ಸೀಲ್ ಹಚ್ಚಿದ ಮೇಲೆ ಹಿಂಜಿನ ಬದಿ ಮೊದಲೇ ಕಚ್ಚಿಕೊಂಡು ಈಚೆ ಬದಿ ಮುಚ್ಚುದೇ ಇಲ್ಲ, ನೀವು ಸೀಲ್ ಸರಿ ಇಲ್ಲ ಅಂತ ಬೈಕೊಂಡು ಕೂರ್ತೀರಿ. ಲಾಚ್ ಎರಡು ಹಾಕಿ, ಮೇಲೊಂದು ಕೆಳಗೊಂದು, ಎಳೆದು ಬಿಗಿಯುವ ಜಾತಿಯದ್ದು. ನಡುವಲ್ಲಿ ಒಂದೇ ಹಾಕಿದ್ರೆ ಮೂಲೆ ಎದ್ದೇ ನಿಲ್ತದೆ.

ಸೀಲಿಗೆ ನಾನು ಕೆಂಪು ಹೈ ಟೆಂಪರೇಚರ್ ಸಿಲಿಕಾನ್ ಹಾಕುದು, ಇಂಜಿನ್ ಗ್ಯಾಸ್ಕೆಟ್ಟಿಗೆ ಹಚ್ಚುವಂಥದ್ದು, ಆಟೋಮೊಬೈಲ್ ಅಂಗಡಿಯಲ್ಲಿ ಸಿಗ್ತದೆ, ಟ್ಯೂಬಿನ ಮೇಲೆ 300 ಡಿಗ್ರಿ ಅಂತಾದ್ರೂ ಬರೆದಿರ್ಬೇಕು. ಬಾತ್‌ರೂಮಿನ ಬಿಳಿ ಸಿಲಿಕಾನ್ ಬೇಡ, ಅದರಲ್ಲಿ ಬೂಸಲು ಬಾರದ ಹಾಗೆ ಮದ್ದು ಬೆರೆಸಿರ್ತಾರೆ. ಎಪಾಕ್ಸಿ ಪುಟ್ಟಿ ಬಿಸಿಗೆ ಮೆತ್ತಗಾಗಿ ಕಿತ್ತು ಬರ್ತದೆ. ಹಾರ್ಡ್‌ವೇರ್ ಅಂಗಡಿಯವ "ಆಸ್ಬೆಸ್ಟಸ್ ರೋಪ್ ಉಂಟು, ಅದೇ ಬೆಸ್ಟ್" ಅಂದ್ರೆ ಕೇಳ್ಬೇಡಿ, ಅದರ ನಾರು ಉಸಿರಿನಲ್ಲಿ ಹೋದ್ರೆ ಕ್ಯಾನ್ಸರ್ ಬರುವಂಥದ್ದು. ಸಂದಿ 4-5 ಮಿಲಿಮೀಟರ್ ಇದ್ರೆ ಗ್ಲಾಸ್ ಫೈಬರ್ ರೋಪ್ ತಗೊಂಡು ಅದೇ ಕೆಂಪು ಸಿಲಿಕಾನಲ್ಲಿ ಅಂಟಿಸಿ.

ಹಚ್ಚುವ ಕ್ರಮ ಹೀಗೆ. ಪಟ್ಟಿಯ ಒಳಬದಿಗೆ ಸ್ಯಾಂಡ್ ಪೇಪರ್ ಹಾಕಿ, ಥಿನ್ನರಲ್ಲಿ ಒರೆಸಿ, ಪೂರ್ತಿ ಒಣಗ್ಲಿ. ಡ್ರಮ್ಮಿನ ಬದಿಗೆ ಅಡಿಗೆಮನೆಯ ಕ್ಲಿಂಗ್ ಫಿಲ್ಮ್ ಸುಕ್ಕಿಲ್ಲದೆ ಹೊದೆಸಿ. ಪಟ್ಟಿಗೆ ಸುತ್ತ ಕಿರುಬೆರಳಿಗಿಂತ ಸಣ್ಣ ಗಾತ್ರದಲ್ಲಿ ಸಿಲಿಕಾನ್, ಎಲ್ಲೂ ತುಂಡಾಗದೆ, ಮೂಲೆಯಲ್ಲಿ ಒಂದು ಚೂರು ಜಾಸ್ತಿ. ಟ್ಯಾಕ್‌ಗಳ ನಡುವಿನ ಸಂದಿಗೂ ಬೆರಳಲ್ಲಿ ತೀಡಿ. ಈಗ ಆ 2 ಮಿಲಿಮೀಟರ್ ತುಂಡುಗಳನ್ನು ಪುನಃ ನಾಲ್ಕು ಮೂಲೆಗೆ, ಸಿಲಿಕಾನಿಂದ ಹೊರಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಲಾಚ್ ಹಾಕಿ, ಇಲ್ಲದಿದ್ರೆ ಪೂರ್ತಿ ಹಿಂಡಿ ಹೋಗಿ ಏನೂ ಉಳಿಯುದಿಲ್ಲ. 24 ಗಂಟೆ ಮುಟ್ಟುದೇ ಬೇಡ. ನಾನು ರಾತ್ರಿ ಹಚ್ಚಿ ಬೆಳಿಗ್ಗೆ ಚಾ ಕುಡಿಯುವ ಮೊದಲು ತೆರೆದೆ, ಒಂದು ಬದಿ ಪೂರ್ತಿ ಚಿವಿಂಗ್ ಗಮ್ಮಿನ ಹಾಗೆ ಎಳ್ಕೊಂಡು ಬಂತು, ಪುನಃ ಕೆರೆದು ಮೊದಲಿಂದ. ಒಣಗಿದ ಮೇಲೆ ಫಿಲ್ಮ್ ತೆಗೆದ್ರೆ ನಿಮ್ಮ ಡ್ರಮ್ಮಿನ ಅಚ್ಚಿನದ್ದೇ ಗ್ಯಾಸ್ಕೆಟ್.

ಸೋರುದು ನೋಡ್ಲಿಕ್ಕೆ ಕತ್ತಲಾದ ಮೇಲೆ ಡ್ರಮ್ ಒಳಗೆ ಟಾರ್ಚ್ ಇಟ್ಟು ಮುಚ್ಚಿ, ಬೆಳಕು ಕಂಡಲ್ಲಿ ಚಾಕ್ ಗುರುತು. ಕಾಗದದ ತುಂಡು ಸಿಕ್ಕಿಸಿ ಎಳೆದ್ರೂ ಗೊತ್ತಾಗ್ತದೆ, ಬಿಗಿ ಇದ್ದಲ್ಲಿ ಹರೀತದೆ. ಸಿಲಿಕಾನ್ ಬರುವವರೆಗೆ ಕಾಯ್ಲಿಕ್ಕೆ ಆಗದಿದ್ರೆ ಒಂದು ದಿನಕ್ಕೆ ದಮ್ ಬಿರಿಯಾನಿಯ ಉಪಾಯವೇ ಸಾಕು, ಚಪ್ಪಾತಿ ಹದಕ್ಕಿಂತ ಮೆತ್ತಗೆ ಮೈದಾ ಕಲಸಿ ಸುತ್ತ ಮೆತ್ತುದು. ನಗ್ಬೇಡಿ, ಕೆಲಸ ಮಾಡ್ತದೆ.

ಹೊರಗೆ ಸೈಲೆನ್ಸರಿಗೆ ಹೊಡೆಯುವ ಕಪ್ಪು ಪೇಂಟ್, ಒಳಗೆ ಪೇಂಟ್ ಬೇಡವೇ ಬೇಡ. ಒಳಗೆ ತೆಳು ಎಣ್ಣೆ ಒರೆಸಿ ಮಾಂಸ ಇಲ್ಲದೆ ಮೂರು ಗಂಟೆ ಉರಿಸುದು. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ, ಇದಕ್ಕೆ ಮಾತ್ರ ಆಗುದಿಲ್ಲ, ಅದು ಗಟ್ಟಿ ಪೊರೆ ಕಟ್ಟುದಿಲ್ಲ, ಅಂಟಂಟು ಉಳೀತದೆ. ಸೂರ್ಯಕಾಂತಿ ಎಣ್ಣೆ ಸಾಕು.

ಗೆರಟೆ (ತೆಂಗಿನ ಚಿಪ್ಪು) ಇದ್ದಿಲು ಮೂರು ಕಿಲೋ ಬುಟ್ಟಿಗೆ ಹಾಕಿ, ಅದರ ಮೇಲೆ ಹತ್ತು ಹನ್ನೆರಡು ಕೆಂಡ ಮಾತ್ರ, ಮೇಲಿಂದ ಕೆಳಗೆ ನಿಧಾನ ಹಿಡಿತದೆ. ಹೊಗೆಗೆ ಒಣಗಿದ ಪೇರಳೆ, ಹುಣಸೆ ಕಟ್ಟಿಗೆ ಮುಷ್ಟಿ ಗಾತ್ರದ ಎರಡು ಮೂರು ತುಂಡು. ಗೇರುಬೀಜದ ಸಿಪ್ಪೆ ಬೇಡ, ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಹಾಗೇ. ದಪ್ಪ ಬಿಳಿ ಹೊಗೆ ಹೋಗಿ ತೆಳು ನೀಲಿ ಬಂದ ಮೇಲೆ ಮಾಂಸ ಇಡಿ. ಕೋಳಿ ಕಾಲು ಎರಡು ಗಂಟೆಯ ಅಂದಾಜು, ಒಳಗೆ 74 ಡಿಗ್ರಿ ಆಗಿರ್ಬೇಕು. ಬಂಗುಡೆಗೆ ಅದರ ಅರ್ಧವೂ ಬೇಡ. ಮಳೆ ಬಂತು ಅಂತ ಜಗಲಿಗೆ, ಶೆಡ್ಡಿಗೆ ಮಾತ್ರ ತರ್ಬೇಡಿ, ಇದ್ದಿಲಿನ ವಿಷ ಗಾಳಿಗೆ ವಾಸನೆ ಇಲ್ಲ.

ವೆಲ್ಡಿಂಗ್ ಎಲ್ಲ ಪತ್ತನಾಜೆಗೆ, ಅಂದ್ರೆ ಮೇ ಕೊನೆಗೆ ಮಳೆ ಹಿಡಿಯುವ ಮೊದಲೇ ಮುಗಿಸಿ. ಮಳೆಗಾಲದಲ್ಲಿ ಲಾಚ್ ಬಿಗಿದು ಇಟ್ರೆ ಒಳಗೆ ಬೂಸಲು, ಗ್ಯಾಸ್ಕೆಟ್ಟೂ ಚಪ್ಪಟೆ ಆಗ್ತದೆ, ಬೆರಳು ಹೋಗುವಷ್ಟು ತೆರೆದಿಡಿ. ಅಷ್ಟೇ ಆಯ್ತಾ. ನಾನು ಪೂರ್ತಿ ತೆರೆದಿಟ್ಟು ಆಟಿ ತಿಂಗಳಲ್ಲಿ ಬೆಕ್ಕು ಒಳಗೆ ಹೋಗಿ ಮೂರು ಮರಿ ಹಾಕಿ, ಮತ್ತಿನ ಸೋಣ ತಿಂಗಳು ಮುಗಿಯುವವರೆಗೆ ನಮಗೆ ಸ್ಮೋಕರ್ ಇಲ್ಲ.