ಮಗನಿಗೆ ಮನೋವೈದ್ಯರನ್ನು ಹುಡುಕಿದ್ದು
ನಮ್ಮದು ಮಂಡ್ಯ. 9 ವರ್ಷದ ಮಗನಿಗೆ ನಿದ್ದೆಯಿಲ್ಲ, ಶಾಲೆ ಅಂದರೆ ಹೊಟ್ಟೆನೋವು. ಮೊದಲು ಹೋದ ಡಾಕ್ಟರು ಅವನ ಮುಖವನ್ನೂ ನೋಡದೆ ಚೀಟಿ ಬರೆದರು.

ಡಾಕ್ಟರು ಎಂಬಿಬಿಎಸ್ ಆದಮೇಲೆ ಸೈಕಿಯಾಟ್ರಿ, ಅಂದರೆ ಮನೋವೈದ್ಯಶಾಸ್ತ್ರ, ಓದಿದ್ದಾರಾ ನೋಡಿ. ಸೈಕಾಲಜಿಸ್ಟ್ (ಮನಶ್ಶಾಸ್ತ್ರಜ್ಞರು) ಬೇರೆ, ಅವರು ಮಾತ್ರೆ ಬರೆಯುವುದಿಲ್ಲ. ಮಕ್ಕಳನ್ನು ನೋಡುತ್ತೀರಾ ಅಂತ ಫೋನಿನಲ್ಲೇ ಕೇಳಿ, ಸಂಕೋಚ ಯಾಕೆ? ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಮಗುವಿಗೆ ಮಾತು ತಡವಾದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೂ ತೋರಿಸಿ. ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಿದ್ದೆ, ಊಟ, ಸಿಟ್ಟು ಎಲ್ಲಾ 15 ದಿನ ಬರೆದಿಡಿ. ನಾನು ಬರೆದಿದ್ದು ಹಾಲಿನ ಲೆಕ್ಕದ ಪುಸ್ತಕದಲ್ಲಿ. ಎರಡನೇ ಡಾಕ್ಟರು ಅದನ್ನು ಪೂರ್ತಿ ಓದಿದರು. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಮಗನ ಜೊತೆ ಮಾತಾಡಿದರು.